ಪರಿಸರ ಶಿಕ್ಷಣದ ಟ್ರಸ್ಟಿನಲ್ಲಿ ರೈತನಿಗೇನು ಕೆಲಸ?

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಕೆರೆ, ಕಲ್ಯಾಣಿ, ಗಿಡಮರಗಳ ವಿಷಯವನ್ನು ಶಾಲಾ ಮಕ್ಕಳಿಗೆ ತಿಳಿಸಿಕೊಡಬೇಕೆಂದು ಸಂಸ್ಥೆ ಕಟ್ಟುವ ಉತ್ಸಾಹಿಗಳಿದ್ದಾರೆ. ನಿವೃತ್ತ ಮೇಷ್ಟ್ರೊಬ್ಬರು, ಪೇಟೆಯ ವಕೀಲರೊಬ್ಬರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಊರಿನ ಹುಡುಗನೊಬ್ಬ ಸೇರಿಕೊಂಡರೆ ಒಂದು ಟ್ರಸ್ಟು ಆಗುತ್ತದೆ. ಆಮೇಲೆ ಅವರಿಗೆ ಹಳ್ಳಿಯ ಕಡೆಯವರೊಬ್ಬರು ಬೇಕಾಗುತ್ತದೆ. ನಾಲ್ಕು ಜನ ಗೌರವಿಸುವ ರೈತರ ಮನೆಗೆ ಬಂದು ಜಗಲಿಯ ಮೇಲೆ ಕುಳಿತು, "ಯಜಮಾನ್ರೇ, ನೀವೂ ಒಬ್ರು ಟ್ರಸ್ಟಿ ಆಗ್ಬೇಕು. ಬೇರೇನೂ ಮಾಡೋದ್ ಬೇಡ, ಒಂದು ಸೈನ್ ಹಾಕಿದ್ರೆ ಸಾಕು" ಎನ್ನುತ್ತಾರೆ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಸಹಿ ಬಿದ್ದಿರುತ್ತದೆ.

ಸಹಿಯಷ್ಟೇ ಸಾಕು ಎನ್ನುವ ಆ ಮಾತನ್ನೇ ಮೊದಲು ಅನುಮಾನಿಸಬೇಕು. ಟ್ರಸ್ಟಿ ಎಂದರೆ ವಿಶ್ವಸ್ತ. ನಮ್ಮ ಹಳ್ಳಿಗಳಲ್ಲಿ ಧರ್ಮದರ್ಶಿ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಆದರೆ ಆ ಹೆಸರು ಕೇಳಿದೊಡನೆ ದೇವಸ್ಥಾನ, ಜಾತ್ರೆ, ಹೆಗಲ ಮೇಲಿನ ಶಾಲು ಕಣ್ಣಮುಂದೆ ಬರುತ್ತವೆಯೇ ಹೊರತು ಲೆಕ್ಕದ ಪುಸ್ತಕ ಬರುವುದಿಲ್ಲ. ತೊಡಕು ಹುಟ್ಟುವುದು ಅಲ್ಲಿಯೇ.

ಡೇರಿಗೂ ಟ್ರಸ್ಟಿಗೂ ಇರುವ ವ್ಯತ್ಯಾಸ

ಹಾಲು ಉತ್ಪಾದಕರ ಸಂಘದ ವ್ಯವಹಾರ ನಮ್ಮ ರೈತರಿಗೆ ಹೊಸದಲ್ಲ. ಅಲ್ಲಿ ನಿರ್ದೇಶಕನನ್ನು ಸದಸ್ಯರು ಓಟು ಹಾಕಿ ಆರಿಸುತ್ತಾರೆ. ಐದು ವರ್ಷಕ್ಕೊಮ್ಮೆ ಚುನಾವಣೆ. ಸರಿಯಿಲ್ಲದವನು ಮನೆಗೆ ಹೋಗುತ್ತಾನೆ. ಫ್ಯಾಟು ಕಡಿಮೆ ತೋರಿಸಿದರೆ ಸಂಜೆಯ ಹಾಲಿಗೆ ಬಂದ ಹೆಂಗಸರೇ ಜಗಳ ತೆಗೆಯುತ್ತಾರೆ. ಟ್ರಸ್ಟಿನಲ್ಲಿ ಇದಾವುದೂ ಇಲ್ಲ. ಟ್ರಸ್ಟಿಯನ್ನು ಊರು ಆರಿಸುವುದಿಲ್ಲ. ಸ್ಥಾಪಕರು ಬರೆದ ಟ್ರಸ್ಟ್ ಪತ್ರದ ಪ್ರಕಾರ ನೇಮಕವಾಗುತ್ತದೆ. ಪತ್ರದಲ್ಲಿ ಅವಧಿ ಬರೆಯದಿದ್ದರೆ ಜೀವಮಾನವಿಡೀ ಮುಂದುವರಿಯಲೂಬಹುದು. ಹಣ ಯಾರ ಒಳಿತಿಗಾಗಿ ಬಂದಿದೆಯೋ ಆ ಮಕ್ಕಳು ಬಂದು ಲೆಕ್ಕ ಕೇಳುವುದಿಲ್ಲ. ಹಾಗಾಗಿ ಒಳಗೆ ಕುಳಿತವರೇ ಒಬ್ಬರನ್ನೊಬ್ಬರು ಕೇಳಬೇಕು. ಕೇಳುವ ಧೈರ್ಯವಿರುವ ರೈತ ಅಲ್ಲಿ ಇರಬೇಕೆಂಬುದು ಈ ಲೇಖನದ ಅಭಿಪ್ರಾಯ.

ಸಾರ್ವಜನಿಕ ಟ್ರಸ್ಟಿನ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸುವುದು ರೂಢಿ. ಟ್ರಸ್ಟಿನ ಬದಲು ಸಂಘ ಮಾಡಿಕೊಂಡರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ, ಲೆಕ್ಕ ಒಪ್ಪಿಸುವುದು ಎಲ್ಲವೂ ಉಂಟು. ಊರಿನವರೆಲ್ಲ ಸೇರಿ ನಡೆಸುವ ಕೆಲಸಕ್ಕೆ ಸಂಘವೇ ಮೇಲು. ಒಂದೇ ಗುರಿಗೆಂದು ಜಮೀನನ್ನೋ ಹಣವನ್ನೋ ಮುಡಿಪಾಗಿಡುವುದಾದರೆ ಟ್ರಸ್ಟು ಸರಿ. ಯಾವುದು ಬೇಕೆಂದು ನಿರ್ಧರಿಸದೆ, ಸಂಘಕ್ಕೆ ಏಳು ಜನ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಟ್ರಸ್ಟು ಮಾಡುವವರೂ ಇದ್ದಾರೆ. ಇಂಥ ಕಡೆ ಟ್ರಸ್ಟು ಒಂದು ಮನೆಯ ಆಸ್ತಿಯಾಗಿಬಿಡುವುದು ಸುಲಭ.

1882ರ ಭಾರತೀಯ ಟ್ರಸ್ಟ್ ಕಾಯ್ದೆ ಖಾಸಗಿ ಟ್ರಸ್ಟುಗಳಿಗೆಂದು ಆದದ್ದು. ಆದರೂ ಅದರ ಮೂಲತತ್ವಗಳನ್ನು ನ್ಯಾಯಾಲಯಗಳು ಸಾರ್ವಜನಿಕ ಟ್ರಸ್ಟುಗಳ ವಿಚಾರದಲ್ಲೂ ಗಮನಕ್ಕೆ ತೆಗೆದುಕೊಳ್ಳುತ್ತವೆ. ತತ್ವಗಳೇನೋ ಸರಳ: ಟ್ರಸ್ಟಿನ ಆಸ್ತಿಯಿಂದ ಟ್ರಸ್ಟಿ ತನಗೆ ಲಾಭ ಮಾಡಿಕೊಳ್ಳುವಂತಿಲ್ಲ, ಪತ್ರದಲ್ಲಿ ಹೇಳದ ಹೊರತು ಸಂಬಳ ಕೇಳುವಂತಿಲ್ಲ, ತನ್ನ ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟಿ ಸುಮ್ಮನಿರುವಂತಿಲ್ಲ, ಲೆಕ್ಕವನ್ನು ಚೊಕ್ಕಟವಾಗಿ ಇಡಬೇಕು. ಇನ್ನೊಬ್ಬ ಟ್ರಸ್ಟಿ ಮಾಡಿದ ತಪ್ಪಿಗೆ ನೀವು ಸುಮ್ಮನೆ ಸಿಕ್ಕಿಬೀಳುವುದಿಲ್ಲ. ಆದರೆ ಗೊತ್ತಿದ್ದೂ ಮುಚ್ಚಿಟ್ಟಿದ್ದರೆ, ಇಲ್ಲವೆ ನಿಮ್ಮ ಅಸಡ್ಡೆಯಿಂದ ಹಾಗಾಗಲು ಬಿಟ್ಟಿದ್ದರೆ ಹೊಣೆ ನಿಮಗೂ ಬರುತ್ತದೆ. "ನಂಗೇನೂ ಗೊತ್ತಿಲ್ಲ ಸ್ವಾಮಿ, ಸೈನ್ ಹಾಕು ಅಂದ್ರು, ಹಾಕ್ದೆ" ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದು ಕಷ್ಟ. ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಸೇರಿದರೂ ಸಾಕು, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಪ್ರಕಾರ ನ್ಯಾಯಾಲಯದ ಅನುಮತಿ ಪಡೆದು, ಟ್ರಸ್ಟಿಯನ್ನು ತೆಗೆಯಿರಿ, ಲೆಕ್ಕ ಕೊಡಿಸಿರಿ ಎಂದು ದಾವೆ ಹೂಡಬಹುದು.

ಹೊಗೆಸೊಪ್ಪು ಬೆಳೆಯುವವರು ಪರಿಸರದ ಮಾತಾಡಬಹುದೆ?

ಇದು ಅರಕಲಗೂಡಿನ ಕಡೆ ಏಳುವ ಪ್ರಶ್ನೆ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೋಗುವ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಹದ ಮಾಡಲು ಎಷ್ಟು ಸೌದೆ ಉರಿಯುತ್ತದೆಂಬುದು ಬೆಳೆಗಾರನಿಗೆ ಗೊತ್ತು. ಅಂಥವರನ್ನು ಪರಿಸರ ಟ್ರಸ್ಟಿಗೆ ಸೇರಿಸಿಕೊಳ್ಳುವುದೆ ಎಂದು ಪೇಟೆಯವರು ಮೂಗು ಮುರಿಯುವುದುಂಟು. ಸೇರಿಸಿಕೊಳ್ಳಬೇಕೆಂದೇ ನಾನು ಹೇಳುತ್ತೇನೆ. ಒಂದು ಬೇಯಿಗೆಗೆ ಎಷ್ಟು ಗಾಡಿ ಸೌದೆ ಬೇಕು, ಅದು ಯಾರ ಹೊಲದ ಬದುವಿನಿಂದ ಬಂತು, ಆ ಬದುವಿನಲ್ಲಿ ಈಗ ಏನಿದೆ ಎಂಬುದನ್ನು ಏಳನೇ ತರಗತಿಯ ಮಕ್ಕಳ ಮುಂದೆ ನಿಂತು ಅವನು ಹೇಳಿದರೆ ಪುಸ್ತಕದ ಹತ್ತು ಪಾಠಕ್ಕೆ ಸಮ. ತಾನು ಏನು ಮಾಡುತ್ತಿದ್ದೇನೆಂದು ಬಲ್ಲವನಿಗಿಂತ, ತಾನೇನೂ ಮಾಡುತ್ತಿಲ್ಲವೆಂದು ನಂಬಿದವನೇ ಕಲಿಸಲು ತೊಡಕು.

ಕೆರೆಯ ಅಂಗಳ ಒತ್ತುವರಿ ಮಾಡಿಕೊಂಡವರ ಮಾತು ಬೇರೆ. ಕೆರೆ ಉಳಿಸುವ ಪಾಠ ಹೇಳುವ ಟ್ರಸ್ಟಿನಲ್ಲಿ ಅಂಥವರೊಬ್ಬರು ಕುಳಿತರೆ ಮಕ್ಕಳೇ ಮೊದಲು ನಗುತ್ತಾರೆ. ಯಾರ ಪಹಣಿ ಏನೆಂದು ಮಕ್ಕಳಿಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಹೂಳು ತೆಗೆಯುವ ಜೆ.ಸಿ.ಬಿ. ಟ್ರಸ್ಟಿಯ ತಮ್ಮನದೇ ಆಗಿದ್ದರೆ ಆ ಸಂಗತಿಯನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ, ದರ ತೀರ್ಮಾನಿಸುವಾಗ ಹೊರಗೆ ಹೋಗಿ ಕೂರಬೇಕು. ಹಾಗೆ ಹೊರಗೆ ಹೋದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು.

ಇದಕ್ಕೆ ನಮ್ಮ ರಾಜ್ಯದಲ್ಲಿ ಹಳೆಯ ದಾರಿಯಿದೆ. 1984ರಲ್ಲಿ ಹುಟ್ಟಿದ ಸಮಾಜ ಪರಿವರ್ತನ ಸಮುದಾಯದ ಚಳವಳಿಯಲ್ಲಿ, 1987ರ ನವೆಂಬರಿನಲ್ಲಿ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನ ಸಾಮೂಹಿಕ ಭೂಮಿಯಲ್ಲಿ ಜನರು ನೀಲಗಿರಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂದು ಅದು ಹೆಸರಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಅಂದರೆ ಮೂವತ್ತು ವರ್ಷ ತಡವಾಗಿ. ಹೊನ್ನಾವರ ತಾಲ್ಲೂಕಿನ ಕಾಸರಕೋಡಿನಲ್ಲಿ ಡಾಕ್ಟರ್ ಕುಸುಮಾ ಸೊರಬ ಅವರು ಸ್ನೇಹಕುಂಜದಲ್ಲಿ ರೋಗಿಗಳ ಸೇವೆಯ ಜೊತೆಗೇ ಪರಿಸರದ ಕೆಲಸವನ್ನೂ ನಡೆಸಿದರು. ಹಾಸನದಲ್ಲಿಯೇ ಹಸಿರುಭೂಮಿ ಪ್ರತಿಷ್ಠಾನದವರು ಹೂಳು ತುಂಬಿದ ಕಲ್ಯಾಣಿಗಳನ್ನು ಶ್ರಮದಾನದಿಂದ ಶುಚಿ ಮಾಡಿದ್ದಾರೆ.

ಕಲಿಸುವುದೇನು?

ಶಾಲೆಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರ ನವೆಂಬರ್ 22ರಂದು ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಹೇಳಿತು. ಪಾಠವೇನೋ ಪುಸ್ತಕಕ್ಕೆ ಬಂತು. ಆದರೆ ಚನ್ನರಾಯಪಟ್ಟಣದ ಕಡೆಯ ಮಗು ಹಿಮಕರಡಿಯ ಚಿತ್ರ ಬರೆಯುತ್ತದೆ. ತೂಬು ಯಾವುದು, ಕೋಡಿ ಯಾವುದು ಎಂದು ಕೇಳಿದರೆ ತಡವರಿಸುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ತೋರಿಸಲು ಇರುವುದು ಕಡಿಮೆಯೇ? ಮೂಡಿಗೆರೆ ತಾಲ್ಲೂಕಿನ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿ ಗೊರೂರಿನ ಅಣೆಕಟ್ಟೆಯಲ್ಲಿ ನಿಂತು, ಹೊಳೆನರಸೀಪುರದ ಪಕ್ಕದಲ್ಲಿ ಹರಿದು ಕೃಷ್ಣರಾಜಸಾಗರದ ಬಳಿ ಕಾವೇರಿಯನ್ನು ಸೇರುತ್ತದೆ. 1979ರಲ್ಲಿ ಮುಗಿದ ಆ ಅಣೆಕಟ್ಟೆಯಲ್ಲಿ ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಹೊಳೆಯನ್ನು ದಿನವೂ ನೋಡುವ ಮಗುವಿಗೆ ಅದು ಎಲ್ಲಿಂದ ಬಂತು, ಯಾರ ಗದ್ದೆಗೆ ಹೋಗುತ್ತದೆ ಎಂದು ನಕ್ಷೆ ಬರೆಸಿದರೆ ಭೂಗೋಳ, ಗಣಿತ, ರಾಜಕೀಯ ಮೂರೂ ಆದವು. ರಾಮನಾಥಪುರದ ಕಾವೇರಿಯಲ್ಲಿ ದೇವರ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಮೀನುಗಳಿವೆ. ಬಲೆ ಬೀಸುವಂತಿಲ್ಲವೆಂಬ ಕಟ್ಟಳೆ ಹೇಗೆ ನಿಂತಿತೆಂದು ಊರಿನ ಹಿರಿಯರಿಂದಲೇ ಮಕ್ಕಳು ಕೇಳಿ ತಿಳಿಯಲಿ. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಜೈವಿಕ ಇಂಧನ ಉದ್ಯಾನ ಬೆಳೆಸಿತು. ಬದುವಿನ ಹೊಂಗೆಯ ಬೀಜಕ್ಕೂ ಬೆಲೆಯಿದೆಯೆಂದು ಹೇಳಲು ಒಳ್ಳೆಯ ಉದಾಹರಣೆ.

ಎಲ್ಲಕ್ಕಿಂತ ಮೊದಲು ನೀರುಗಂಟಿ. ಯಾವ ದಿನ ತೂಬು ಎತ್ತಬೇಕು, ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟಿಸುವುದು ಹೇಗೆ, ಏರಿಯಲ್ಲಿ ಏಡಿ ತೂತು ಕಂಡರೆ ಏನು ಮಾಡಬೇಕು ಎಂಬ ವಿದ್ಯೆ ಅವನದು. ಬೋರ್‌ವೆಲ್ ಬಂದಮೇಲೆ ಆ ಕೆಲಸ ಕುಗ್ಗಿತು. ಬಲ್ಲ ಮುದುಕರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರನ್ನು ಶಾಲೆಗೆ ಕರೆತಂದು ಕುರ್ಚಿ ಹಾಕಿ ಕೂರಿಸುವುದು, ದಿನದ ಕೂಲಿ ಕೊಡುವುದು ಟ್ರಸ್ಟಿನ ಖರ್ಚಿನ ಪಟ್ಟಿಯಲ್ಲಿ ಮೊದಲು ಬರಬೇಕು. ಬ್ಯಾನರಿನ ಖರ್ಚು ಕೊನೆಗೆ ಬಂದರೆ ಸಾಕು.

ಮಕ್ಕಳು ನೀರಿನ ಬಳಿ ಇದ್ದಾಗ

ಈ ಮಾತನ್ನು ಸ್ವಲ್ಪ ನಿಂತು ಓದಿ. ನಲವತ್ತು ಮಕ್ಕಳು ಕೆರೆ ಏರಿಯ ಮೇಲೆ, ಜೊತೆಗೆ ಇಬ್ಬರೇ ಮೇಷ್ಟ್ರು. ಹೂಳು ತೆಗೆದ ಕೆರೆಯಲ್ಲಿ ಯಂತ್ರ ತೋಡಿದ ಗುಂಡಿಗಳು ನೀರಿನಡಿ ಕಾಣುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತ ಹುಡುಗ ಒಂದು ಹೆಜ್ಜೆ ಮುಂದಿಟ್ಟರೆ ಮುಗಿಯಿತು. ಕಲ್ಯಾಣಿಯ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ. ರಜಾ ದಿನಗಳಲ್ಲಿ ಕೆರೆಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಓದದ ವರ್ಷ ಯಾವುದಿದೆ?

ಇಂಥ ದಿನ ಏನಾದರೂ ಆದರೆ ಹೆತ್ತವರು ಬಂದು ನಿಲ್ಲುವುದು ಊರಿನ ಟ್ರಸ್ಟಿಯ ಬಾಗಿಲಿಗೆ, ಬೆಂಗಳೂರಿನವರ ಬಾಗಿಲಿಗಲ್ಲ. ಆದ್ದರಿಂದ ಹೆತ್ತವರ ಒಪ್ಪಿಗೆ ಪತ್ರ, ಮುಖ್ಯೋಪಾಧ್ಯಾಯರ ಅನುಮತಿ, ಈಜು ಬಲ್ಲ ಇಬ್ಬರು, ಉದ್ದನೆಯ ಹಗ್ಗ, ಹೋಗುವಾಗಲೂ ಬರುವಾಗಲೂ ತಲೆ ಎಣಿಕೆ ಇವಿಲ್ಲದೆ ಹೊರಡುವುದಿಲ್ಲ ಎಂದು ಮೊದಲ ಸಭೆಯಲ್ಲಿಯೇ ಠರಾವು ಮಾಡಿಸಿ. ಮಕ್ಕಳ ಜೊತೆ ಒಬ್ಬನೇ ದೊಡ್ಡವನನ್ನು ಎಲ್ಲಿಗೂ ಕಳಿಸಬೇಡಿ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯಲು 2012ರಲ್ಲಿ ಕಾಯ್ದೆ ಬಂದಿದೆ. ಅಂಥದು ತಿಳಿದುಬಂದರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಸಂಸ್ಥೆಯ ಮರ್ಯಾದೆ ಎಂದು ಮುಚ್ಚಿಡುವಂತಿಲ್ಲ.

ಹಣದ ಮಾತು

ಖಾತೆ ಟ್ರಸ್ಟಿನ ಹೆಸರಿನಲ್ಲಿರಬೇಕು. ಚೆಕ್ಕಿಗೆ ಇಬ್ಬರ ಸಹಿ ಇರಬೇಕು. ಆ ಇಬ್ಬರು ಗಂಡ ಹೆಂಡತಿ ಆಗಿರಬಾರದು. ಪರಿಸರ ರಕ್ಷಣೆ, ಅದರಲ್ಲೂ ಜಲಾನಯನ, ಕಾಡು, ವನ್ಯಜೀವಿಗಳ ಕೆಲಸವನ್ನು 2009ರ ತಿದ್ದುಪಡಿಯಿಂದ ಆದಾಯ ತೆರಿಗೆಯವರು ದಾನಧರ್ಮದ ಉದ್ದೇಶಗಳಲ್ಲಿ ಬೇರೆಯಾಗಿಯೇ ಹೆಸರಿಸಿದರು. ತೆರಿಗೆ ರಿಯಾಯಿತಿ ಪಡೆಯಲು ನೋಂದಣಿ ಬೇಕು, ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. 1961ರ ಕಾಯ್ದೆಯ ಬದಲು 2026ರ ಏಪ್ರಿಲ್ 1ರಿಂದ ಜಾರಿಗೆಂದು 2025ರಲ್ಲಿ ಹೊಸ ಕಾಯ್ದೆ ಆಗಿರುವುದರಿಂದ ಕಲಮಿನ ಸಂಖ್ಯೆಗಳನ್ನು ಆಡಿಟರ ಬಳಿಯೇ ಕೇಳುವುದು ಲೇಸು. ಎರಡು ಸಾವಿರ ರೂಪಾಯಿಗೆ ಮೀರಿದ ದಾನವನ್ನು ನಗದಾಗಿ ಕೊಟ್ಟವರಿಗೆ ರಿಯಾಯಿತಿ ಇಲ್ಲವೆಂಬ ನಿಯಮ 2017ರಲ್ಲಿ ಬಂತು.

ಅಮೆರಿಕದಲ್ಲಿರುವ ಊರಿನ ಮಗ ಹಣ ಕಳಿಸುತ್ತೇನೆಂದರೆ ಸಂತೋಷವೇ. ಆದರೆ ಒಂದು ಮಾತು ಕೇಳಿಕೊಳ್ಳಿ: ಅವನ ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪ್ರಜೆಯಾಗಿಯೇ ಉಳಿದು ತನ್ನ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ವಂತಿಗೆಯಲ್ಲ. ಅಲ್ಲಿನ ಪ್ರಜೆಯಾಗಿದ್ದರೆ, ನಮ್ಮೂರಿನಲ್ಲೇ ಹುಟ್ಟಿದವನಾದರೂ, ಅದು ವಿದೇಶಿ ವಂತಿಗೆ. 2010ರ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ನೋಂದಣಿಯೋ ಮುಂಚಿತ ಅನುಮತಿಯೋ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಪ್ರೀತಿಯಿಂದ ಬಂದ ಹಣವೇ ಇಲ್ಲಿ ತೊಂದರೆಗೆ ದಾರಿಯಾದೀತು.

ಟ್ರಸ್ಟಿನ ಗೋಜೇ ಬೇಡವೆನ್ನುವವರಿಗೆ ಇನ್ನೊಂದು ಬಾಗಿಲಿದೆ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ತಳಿ, ಮದ್ದುಗಳ ದಾಖಲೆಯನ್ನು ಅದು ಬರೆದಿಡಬೇಕು. ನಿಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆ, ಅದು ಯಾವಾಗ ಸಭೆ ಸೇರಿತು ಎಂದು ಪಿ.ಡಿ.ಒ. ಅವರನ್ನು ಕೇಳಿ ನೋಡಿ.

ಸೇರುವುದೇ ಆದರೆ ಟ್ರಸ್ಟ್ ಪತ್ರದ ನಕಲನ್ನು ಮನೆಗೆ ತಂದು ಓದಿ, ಇಲ್ಲವೆ ಓದಬಲ್ಲ ಮಗಳ ಕೈಲಿ ಓದಿಸಿ. ಹಿಂದಿನ ವರ್ಷದ ಆಡಿಟ್ ವರದಿ ಕೇಳಿ. ಟ್ರಸ್ಟಿಗಳಲ್ಲಿ ಹೆಂಗಸರು ಎಷ್ಟು ಮಂದಿ ಎಂದು ಕೇಳಿ. ನೀರು, ಸೌದೆ ಎರಡರ ಲೆಕ್ಕವೂ ಅವರ ತಲೆಯ ಮೇಲೇ ಇರುವುದು. ಸಭೆಗಳ ದಿನ ಗೊತ್ತುಮಾಡುವಾಗಲೂ ಬಾಯಿಬಿಡಿ. ಆಲೂಗೆಡ್ಡೆ ಬಿತ್ತುವ ಮೇ ಜೂನಿನಲ್ಲಿ, ಬ್ಯಾರನ್ನು ಉರಿಯುವ ದಿನಗಳಲ್ಲಿ, ರಾಗಿ ಕುಯ್ಲಿನಲ್ಲಿ ಸಭೆ ಇಟ್ಟರೆ ರೈತ ಟ್ರಸ್ಟಿ ಬರಲಾರ. ಬಾರದವನ ಹೆಸರಿನಲ್ಲಿ ಠರಾವುಗಳು ಆಗುತ್ತವೆ. ಬಿಡುವುದು ಸೇರಿದಷ್ಟು ಸುಲಭವಲ್ಲ. ರಾಜೀನಾಮೆಯ ದಾರಿಯನ್ನು ಪತ್ರದಲ್ಲಿಯೇ ಬರೆದಿದೆಯೇ ನೋಡಿಕೊಳ್ಳಿ. ಬಿಡುವ ದಿನ ಬಂದರೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕರಿಸಿದ್ದಕ್ಕೆ ಸಹಿ ಪಡೆದ ಪ್ರತಿಯನ್ನು ಜಮೀನಿನ ಕಾಗದಗಳ ಜೊತೆಗೇ ಇಟ್ಟುಕೊಳ್ಳಿ. ಬ್ಯಾಂಕಿನಲ್ಲಿ ನಿಮ್ಮ ಸಹಿ ತೆಗೆದಿದ್ದಾರೆಯೇ ಎಂದು ಖುದ್ದಾಗಿ ಹೋಗಿ ವಿಚಾರಿಸಿ ಬನ್ನಿ.