ಸ್ಥಿರಾಂಕದ ಭಾಷಾಂತರ

ಬೆಳಕು ನಿರ್ವಾತದಲ್ಲಿ ಸೆಕೆಂಡಿಗೆ 29,97,92,458 ಮೀಟರು ಚಲಿಸುತ್ತದೆ. ಈ ಸ್ಥಿರಾಂಕವನ್ನು ಬೇರೆ ಬೇರೆ ಭಾಷೆಗಳಲ್ಲಿ ರಚಿತವಾದ ಎರಡು ಗಣಕ ಪ್ರೋಗ್ರಾಮುಗಳು ಬಳಸಬೇಕಾಗಿದೆಯೆನ್ನೋಣ. ಎರಡೆಡೆಯಲ್ಲೂ ಕೈಯಾರೆ ಬರೆದರೆ ಎಲ್ಲಿಯೋ ಒಂದಂಕಿ ತಪ್ಪೀತು. ಆದುದರಿಂದ 1991ರಲ್ಲಿ ಮೊದಲು ಹೊರಬಂದ ಕೋರ್ಬಾ ಪದ್ಧತಿಯಲ್ಲಿ ಅದನ್ನು ‘ಐಡಿಎಲ್’ ಎಂಬ ನಿರೂಪಣ ಭಾಷೆಯಲ್ಲಿ ಒಮ್ಮೆ ಮಾತ್ರ ಬರೆಯುತ್ತಾರೆ. ಜಾವಾ ಮೊದಲಾದ ಭಾಷೆಗಳಿಗೆ ಯಂತ್ರವೇ ಅದನ್ನು ತಿರುಗಿಸಿಕೊಡುತ್ತದೆ.

ಐಡಿಎಲ್ ಇಂಟರ್‌ಫೇಸಿನೊಳಗಿನ ಸ್ಥಿರಾಂಕವು ಜಾವಾ ಇಂಟರ್‌ಫೇಸಿನಲ್ಲಿಯೂ ಹಾಗೆಯೇ ನೆಲೆಸುತ್ತದೆ. ಹೊರಗಿದ್ದುದಕ್ಕೆ ಮಾತ್ರ ತೊಡಕು. ಕೋರ್ಬಾ ನಿಯಮಗಳು ರೂಪುಗೊಂಡಾಗಿನ ಜಾವಾದಲ್ಲಿ ಆಶ್ರಯವಿಲ್ಲದ ಸ್ಥಿರಾಂಕಕ್ಕೆ ಎಡೆಯಿರಲಿಲ್ಲ. ಅದಕ್ಕಾಗಿ ಸ್ಥಿರಾಂಕದ ಹೆಸರಿನಲ್ಲೇ ಒಂದು ಇಂಟರ್‌ಫೇಸನ್ನು ಕಟ್ಟಿ, ಒಳಗೆ ‘ವ್ಯಾಲ್ಯೂ’ ಎಂಬ ಹೆಸರಿನಿಂದ ಬೆಲೆಯನ್ನಿಡುತ್ತಾರೆ. ಒಬ್ಬನೇ ಒಕ್ಕಲಿಗೆ ಒಂದು ಮನೆ!

ನಿಜವಾದ ಅಪಾಯವು ಅಳತೆಯಲ್ಲಿದೆ. ಐಡಿಎಲ್‌ನ ‘ಲಾಂಗ್’ 32 ಬಿಟ್ಟುಗಳದು, ಜಾವಾದ ‘ಲಾಂಗ್’ 64ರದು. ಹೆಸರು ಒಂದಾದರೂ ಇವು ಸಮವಲ್ಲ. ಐಡಿಎಲ್‌ನ ‘ಲಾಂಗ್’ ಜಾವಾದಲ್ಲಿ ‘ಇಂಟ್’ ಆಗುತ್ತದೆ. ಚಿಹ್ನೆಯಿಲ್ಲದ ಲಾಂಗ್ ಸಹ ‘ಇಂಟ್’ ಆಗುವುದೇ ವಿಚಿತ್ರ, ಏಕೆಂದರೆ ಇಂಟ್ ಹಿಡಿಯಬಲ್ಲ ಗರಿಷ್ಠ ಬೆಲೆ 214,74,83,647. ಯುರೇನಸ್ ಗ್ರಹವು ಸೂರ್ಯನಿಂದ ಸರಾಸರಿ ಸುಮಾರು 287 ಕೋಟಿ ಕಿಲೋಮೀಟರು ದೂರದಲ್ಲಿದೆ. ನಾವು ಆ 287 ಕೋಟಿಯನ್ನು ಚಿಹ್ನೆಯಿಲ್ಲದ ಲಾಂಗ್ ಸ್ಥಿರಾಂಕವಾಗಿ ಬರೆದರೆ ಐಡಿಎಲ್ ಒಪ್ಪುತ್ತದೆ, ಜಾವಾದಲ್ಲಿ ಮಾತ್ರ ಅದು ಋಣ 142,49,67,296 ಆಗಿ ತೋರುತ್ತದೆ! ಯಂತ್ರವು ದೂರುವುದಿಲ್ಲ, ನಿಯಮವು ಎಚ್ಚರದ ಹೊಣೆಯನ್ನು ಪ್ರೋಗ್ರಾಮು ಬರೆಯುವವನಿಗೇ ಬಿಟ್ಟಿದೆ. ಬಿಟ್ಟುಗಳೇನೋ ಕೆಟ್ಟಿರುವುದಿಲ್ಲ. 64 ಬಿಟ್ಟಿನ ಸ್ಥಳಕ್ಕೆ ಒಯ್ದು 429,49,67,296ನ್ನು ಕೂಡಿದರೆ ಯುರೇನಸ್ ತನ್ನ ಕಕ್ಷೆಗೆ ಮರಳುತ್ತದೆ.