ಗ್ಲಾಸ್ಗೋ ಬೀದಿಯಲ್ಲಿ ಅಮೆರಿಕದ ಪೈಲ್ವಾನ್ ಕಾರು

2021ರ ಜುಲೈನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಬೀದಿಯೊಂದು ನ್ಯೂಯಾರ್ಕ್ ಆಗಿಬಿಟ್ಟಿತ್ತು. ಅಂಗಡಿ ಬೋರ್ಡು ಬದಲಾದವು, ಅಮೆರಿಕದ ಬಾವುಟ ಹಾರಿದವು, ರಸ್ತೆಗೆ ಅರವತ್ತರ ದಶಕದ ಅಮೆರಿಕನ್ ಕಾರುಗಳು ಬಂದವು. 2023ರ ಇಂಡಿಯಾನಾ ಜೋನ್ಸ್ ಸಿನಿಮಾದಲ್ಲಿ ಚಂದ್ರಯಾನಿಗಳ 1969ರ ಮೆರವಣಿಗೆ ಇದೆಯಲ್ಲ, ಅದು ಶೂಟ್ ಆಗಿದ್ದು ಇಲ್ಲೇ. ಗ್ಲಾಸ್ಗೋದ ಬೀದಿಗಳು ನ್ಯೂಯಾರ್ಕಿನ ಹಾಗೇ ನೇರ, ಅಡ್ಡಡ್ಡ. ಎರಡೂ ಕಡೆ ಎತ್ತರದ ಹಳೇ ಕಲ್ಲಿನ ಕಟ್ಟಡಗಳು.

ಬೀದಿಯೇನೋ ಸಿಕ್ಕಿತು, ಕಾರು? ಪ್ರತಿ ಸಿನಿಮಾಕ್ಕೂ ಅಟ್ಲಾಂಟಿಕ್ ದಾಟಿಸಿ ತರೋಕಾಗುತ್ತಾ? ಇಂಥ ಹೊತ್ತಲ್ಲಿ ನೆನಪಾಗೋದು ಬ್ರಿಟನ್ನಿನಲ್ಲೇ ಮಸ್ಟ್ಯಾಂಗ್, ಚಾರ್ಜರ್, ಕಮಾರೊ ಸಾಕಿಕೊಂಡಿರೋ ಹವ್ಯಾಸಿಗಳು.

ಸಾಕೋದು ಅಂತ ಬೇಕಂತಲೇ ಹೇಳಿದೆ. 1968ರ ಡಾಡ್ಜ್ ಚಾರ್ಜರ್ ಉದ್ದ ಸುಮಾರು 5.28 ಮೀಟರ್. ಬ್ರಿಟನ್ನಿನ ಮಾಮೂಲಿ ಪಾರ್ಕಿಂಗ್ ಜಾಗ 4.8 ಮೀಟರ್. ಮೂತಿ ಹೊರಗೇ ಉಳಿಯುತ್ತೆ! ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಕ್ಕೇ ಓಡಿಸಬೇಕು, ಆದರೆ ಈ ಕಾರಿನ ಸ್ಟೀರಿಂಗೂ ಎಡಕ್ಕೇ. ಮುಂದಿನ ಲಾರಿ ಓವರ್‌ಟೇಕ್ ಮಾಡಬೇಕಂದ್ರೆ ಪಕ್ಕ ಕೂತ ಹೆಂಡತಿಯನ್ನೋ ಗೆಳೆಯನನ್ನೋ 'ಎದುರಿಗೆ ಏನಾದ್ರೂ ಬರ್ತಿದ್ಯಾ?' ಅಂತ ಕೇಳಬೇಕು. ಇದರ ಆರ್/ಟಿ ಮಾದರಿಗೆ 7.2 ಲೀಟರಿನ ವಿ8 ಎಂಜಿನ್. ಪೆಟ್ರೋಲ್ ಬಿಲ್ ವಿಚಾರ ಬೇಡ ಬಿಡಿ.

ಕಾನೂನು ಮಾತ್ರ ಇವರ ಕಡೆಗಿದೆ. 40 ವರ್ಷ ದಾಟಿದ ಕಾರನ್ನು 'ಹಿಸ್ಟಾರಿಕ್' ಅಂತ ನೋಂದಾಯಿಸಿದರೆ ರಸ್ತೆ ತೆರಿಗೆ ಇಲ್ಲ. ದೊಡ್ಡ ಬದಲಾವಣೆ ಮಾಡಿಸದಿದ್ದರೆ ವರ್ಷಕ್ಕೊಮ್ಮೆಯ ತಪಾಸಣೆಯೂ ಕಡ್ಡಾಯವಲ್ಲ. ಹಳೇ ಡೀಸೆಲ್ ಕಾರಿನವರು ಲಂಡನ್ನಿನಲ್ಲಿ ದಿನಕ್ಕೆ 12.50 ಪೌಂಡ್ ಮಾಲಿನ್ಯ ಶುಲ್ಕ ಕಟ್ತಾ ಇದ್ರೆ, ಈ ಪೈಲ್ವಾನ್ ಗುಡುಗುತ್ತಾ ಪುಕ್ಕಟೆ ಹೋಗ್ತಾನೆ. ನನಗಂತೂ ಇದು ವಿಚಿತ್ರ ನ್ಯಾಯ ಅನಿಸುತ್ತೆ. ಆದರೆ ಗಾಡಿಯನ್ನು ವ್ಯಾಪಾರಕ್ಕೆ ಇಳಿಸಿದರೆ ತೆರಿಗೆ ವಿನಾಯಿತಿಗೆ ಕುತ್ತು. ಮಾಮೂಲಿ ಇನ್ಶೂರೆನ್ಸ್ ಕೂಡ ಸಾಮಾನ್ಯವಾಗಿ ಶೂಟಿಂಗಿಗೆ ಒದಗಲ್ಲ. ಹಾಗಾಗಿ ಬಾಡಿಗೆ ದುಡ್ಡಿನ ಆಸೆಗೆ ಥಟ್ಟನೆ 'ಹೂಂ' ಅನ್ನೋ ಹಾಗಿಲ್ಲ.

ಚಿತ್ರತಂಡಕ್ಕೂ ತಲೆನೋವು ಇದೆ. ಹಳೇ ಅಮೆರಿಕನ್ ಕಾರುಗಳ ಹಿಂದಿನ ಇಂಡಿಕೇಟರ್ ಬಹುಪಾಲು ಕೆಂಪು. ಬ್ರಿಟನ್ನಿನಲ್ಲಿ 1965ರ ಸೆಪ್ಟೆಂಬರ್ ನಂತರ ರಸ್ತೆಗಿಳಿದ ಕಾರಿಗೆ ಅದು ಕಿತ್ತಳೆ ಬಣ್ಣದ್ದೇ ಆಗಿರಬೇಕು. 'ನ್ಯೂಯಾರ್ಕಿನ' ಮಸ್ಟ್ಯಾಂಗ್ ಕಿತ್ತಳೆ ದೀಪ ಮಿನುಗಿಸಿದರೆ, ಕಾರು ಪ್ರಿಯರು ಥಿಯೇಟರಲ್ಲೇ ನಗ್ತಾರೆ.

ಇಷ್ಟಾದರೂ ಮಾಲೀಕರನ್ನು ಕಾಡೋ ಭಯ ಬೇರೆ: ಗೀರು ಬಿದ್ದರೆ? 1968ರ 'ಬುಲಿಟ್' ಸಿನಿಮಾದ ಕಥೆ ಅವರಿಗೆಲ್ಲ ಗೊತ್ತು. ಸ್ಯಾನ್‌ಫ್ರಾನ್ಸಿಸ್ಕೋದ ಏರು ತಗ್ಗುಗಳಲ್ಲಿ ಸ್ಟೀವ್ ಮ್ಯಾಕ್‌ಕ್ವೀನ್ ಓಡಿಸಿದ ಹಸಿರು ಮಸ್ಟ್ಯಾಂಗ್. ಅದರ ನಿರ್ದೇಶಕ ಪೀಟರ್ ಯೇಟ್ಸ್ ಬ್ರಿಟಿಷರು. ಹಿಂದಿನ ವರ್ಷ 'ರಾಬರಿ'ಯಲ್ಲಿ ಲಂಡನ್ ಬೀದಿಗಳಲ್ಲಿ ಅವರು ತೆಗೆದ ಕಾರು ಚೇಸ್ ಕಂಡೇ ಹಾಲಿವುಡ್ ಕರೆದಿತ್ತು. ಶೂಟಿಂಗಿಗೆ ಎರಡು ಮಸ್ಟ್ಯಾಂಗ್ ಬಂದಿದ್ದವು. ಸ್ಟಂಟಿಗೆ ಹಾರಿಸಿದ್ದು ನುಜ್ಜುಗುಜ್ಜಾಗಿ ಕಣ್ಮರೆಯಾಯ್ತು, 2017ರಲ್ಲಿ ಮೆಕ್ಸಿಕೋದಲ್ಲಿ ತುಕ್ಕು ಹಿಡಿದು ಸಿಕ್ಕಿತು. ಇನ್ನೊಂದನ್ನು 1974ರಲ್ಲಿ 6,000 ಡಾಲರಿಗೆ ಕೊಂಡ ಕುಟುಂಬ ಮನೆ ಬಳಕೆಗೇ ಓಡಿಸಿತು. 2020ರ ಹರಾಜಿನಲ್ಲಿ ಅದಕ್ಕೆ ಬಂದ ಬೆಲೆ ಸುಮಾರು 37 ಲಕ್ಷ ಡಾಲರ್. ಮಾಸಿದ ಬಣ್ಣ, ತಗ್ಗು, ಗೀರು ಎಲ್ಲ ಹಾಗೇ ಇತ್ತು.