ತೈಲಗೋಪುರದ ಕಡಲಪಯಣ: ಎಳೆಯುವುದಕ್ಕಿಂತ ತಡೆಯುವುದೇ ಕಠಿಣ

ಒಂದು ರೂಪಾಯಿಯ ನೋಟು ಈಗ ಕೈಗೆ ಸಿಗುವುದೇ ಅಪರೂಪ. ಸಿಕ್ಕಾಗ ಅದರ ಹಿಂಬದಿಯನ್ನು ವಾಚಕರು ಒಮ್ಮೆ ನೋಡಬೇಕು. ಕಡಲ ನಡುವೆ ಕಾಲೂರಿ ನಿಂತ ಉಕ್ಕಿನ ಕಟ್ಟಡವೊಂದರ ಚಿತ್ರ ಅಲ್ಲಿದೆ. ಅದೇ ‘ಸಾಗರ ಸಮ್ರಾಟ್’. 1973ರಲ್ಲಿ ಜಪಾನಿನಲ್ಲಿ ನಿರ್ಮಿತವಾದ ಈ ತೈಲಶೋಧಕ ರಿಗ್ಗು 1974ರ ಫೆಬ್ರವರಿಯಲ್ಲಿ, ಮುಂಬಯಿ ತೀರದಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ ಕಡಲತಳವನ್ನು ಕೊರೆದು ತೈಲವನ್ನು ಕಂಡಿತು; ‘ಬಾಂಬೆ ಹೈ’ ಎಂಬ ಹೆಸರು ದೇಶದ ಮನೆಮಾತಾಯಿತು. 1976ರ ಮೇ ತಿಂಗಳಿನಿಂದ ಅಲ್ಲಿ ತೈಲೋತ್ಪಾದನೆ ಮೊದಲಾಯಿತು. ಇಂದು ಸಾಗರ ಸಮ್ರಾಟ್ ಕೊರೆಯುವ ಕೆಲಸದಿಂದ ನಿವೃತ್ತಿ ಪಡೆದು ಉತ್ಪಾದನಾ ಘಟಕವಾಗಿ ರೂಪಾಂತರ ಹೊಂದಿದೆ.

ಚಿತ್ರದಲ್ಲಿ ಅದು ನಿಂತಿದೆ. ಆದರೆ ಇಂಥ ರಿಗ್ಗಿನ ವೈಶಿಷ್ಟ್ಯವಿರುವುದು ಅದರ ನಿಲುವಿನಲ್ಲಲ್ಲ, ನಡಿಗೆಯಲ್ಲಿ. ಒಂದು ಬಾವಿಯ ಕೆಲಸ ಮುಗಿದೊಡನೆ ಕಾಲೆತ್ತಿ, ಕಡಲ ಮೇಲೆ ತೇಲಿ, ಇನ್ನೊಂದೆಡೆಗೆ ಸಾಗಿ ಮತ್ತೆ ಕಾಲೂರುವುದು ಅದರ ಬಾಳಿನ ಕ್ರಮ. ತೈಲವೆಂದೊಡನೆ ನಮಗೆ ಬೆಂಕಿಯ ಭಯ ಮೊದಲು ಹೊಳೆಯುತ್ತದೆ. ಅದು ಸಹಜವೇ. ಆದರೂ ಎಷ್ಟೋ ಜೀವಗಳನ್ನು ಬಲಿ ತೆಗೆದುಕೊಂಡ ದುರಂತಗಳು ಸಂಭವಿಸಿರುವುದು ಬಾವಿ ಕೊರೆಯುವಾಗಲ್ಲ. ರಿಗ್ಗನ್ನು ಎಬ್ಬಿಸುವಾಗ, ಎಳೆಯುವಾಗ, ನೆಲೆಗೊಳಿಸುವಾಗ. ಮುಂಬಯಿಯಲ್ಲಿ ನೆಲೆಸಿದ ನಮಗೆ ಈ ಕಡಲು ಹಿತ್ತಿಲ ಬಾಗಿಲಿನಷ್ಟೇ ಹತ್ತಿರವಾದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಅರಿಯುವುದು ಅನುಚಿತವಾಗಲಾರದು.

ತೇಲುವ ಗೋಪುರ

ಬಾಂಬೆ ಹೈಯಂಥ, ಎಪ್ಪತ್ತೆಂಬತ್ತು ಮೀಟರ್ ಆಳದ ಕಡಲಿಗೆ ಒಗ್ಗುವುದು ಜ್ಯಾಕ್‌ಅಪ್ ಎಂಬ ಬಗೆಯ ರಿಗ್ಗು. ದೋಣಿಯಂತೆ ತೇಲಬಲ್ಲ ವಿಶಾಲವಾದ ಉಕ್ಕಿನ ಒಡಲು. ಅದನ್ನು ತೂರಿಕೊಂಡು ಮೇಲಕ್ಕೂ ಕೆಳಕ್ಕೂ ಸರಿಯುವ, ಸಾಮಾನ್ಯವಾಗಿ ಮೂರು, ಜಾಲರಿಯಂಥ ಕಾಲುಗಳು. ಕಾಲಿನ ಅಂಚಿನಲ್ಲಿರುವ ಹಲ್ಲುಗಳನ್ನು ಯಂತ್ರದ ಹಲ್ಲುಗಾಲಿಗಳು ಕಚ್ಚಿ ಹಿಡಿದು ಮೊದಲು ಕಾಲುಗಳನ್ನು ತಳಕ್ಕೆ ಇಳಿಸುತ್ತವೆ. ಅವು ನೆಲ ಮುಟ್ಟಿದ ಮೇಲೆ ಅದೇ ಕಾಲುಗಳನ್ನು ಆಧಾರವಾಗಿ ಹಿಡಿದು ಒಡಲನ್ನು ನೀರಿನಿಂದ ಮೇಲಕ್ಕೆ ಏರಿಸುತ್ತವೆ. ಅತಿ ದೊಡ್ಡ ಅಲೆಯ ನೆತ್ತಿಯೂ ತಾಕದಷ್ಟು ಎತ್ತರಕ್ಕೆ ಏರಿ ನಿಂತ ರಿಗ್ಗು ಬಹುಮಟ್ಟಿಗೆ ಸುರಕ್ಷಿತ.

ಹೊರಡುವ ದಿನ ಇದೆಲ್ಲವೂ ತಿರುಗುಮುರುಗಾಗುತ್ತದೆ. ಒಡಲು ನೀರಿಗಿಳಿಯುತ್ತದೆ, ನೂರು ಮೀಟರಿಗೂ ಮಿಕ್ಕಿದ ಕಾಲುಗಳು ಆಕಾಶದತ್ತ ಏರುತ್ತವೆ. ಹುಲ್ಲನ್ನು ಎತ್ತರಕ್ಕೆ ಒಟ್ಟಿದ ಎತ್ತಿನ ಗಾಡಿ ಹಳ್ಳದಿಣ್ಣೆಯ ದಾರಿಯಲ್ಲಿ ಓಲಾಡುವುದನ್ನು ಕಂಡವರಿಗೆ ಈ ಸ್ಥಿತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಡಲು ಕೆಲವೇ ಅಂಶ ವಾಲಿದರೂ ಕಾಲಿನ ತುದಿ ಬಹುದೂರ ತೂಗುತ್ತದೆ. ಆ ತೂಗಾಟದ ಭಾರವೆಲ್ಲ ಕಾಲಿನ ಬುಡಕ್ಕೆ ಬೀಳುತ್ತದೆ. ಆದುದರಿಂದಲೇ ದೂರಪ್ರಯಾಣಕ್ಕೆ ಮುನ್ನ ಕಾಲುಗಳ ಮೇಲ್ಭಾಗವನ್ನು ಕತ್ತರಿಸಿ ತೆಗೆಯುವುದುಂಟು. ಇನ್ನೂ ಕ್ಷೇಮದ ದಾರಿಯೆಂದರೆ ಹೊರೆಹಡಗು. ಅದು ತನ್ನೊಳಗೆ ನೀರು ತುಂಬಿಕೊಂಡು ಅರೆ ಮುಳುಗುತ್ತದೆ. ರಿಗ್ಗನ್ನು ಅದರ ಬೆನ್ನ ಮೇಲೆ ತೇಲಿಸಿ ತಂದ ಬಳಿಕ ನೀರನ್ನು ಹೊರಚೆಲ್ಲಿ ಮೇಲೆದ್ದು, ಹೊರೆಯೊಡನೆ ಸಾಗುತ್ತದೆ.

ಹತ್ತಿರದ ಪಯಣವನ್ನು ಮಾತ್ರ ಟಗ್ ನೌಕೆಗಳೇ ಎಳೆದು ಮುಗಿಸಬೇಕು. ವೇಗವೆಂದರೆ ಗಂಟೆಗೆ ಏಳೆಂಟು ಕಿಲೋಮೀಟರು, ಬಿರುಸಾಗಿ ನಡೆಯುವ ಮನುಷ್ಯನ ಗತಿಗಿಂತ ತುಸು ಹೆಚ್ಚು. ಬಿರುಗಾಳಿ ಬೆನ್ನಟ್ಟಿದರೆ ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಆದುದರಿಂದ ಹೊರಡುವ ಮುನ್ನವೇ ಮುಂದಿನ ದಿನಗಳ ಹವೆಯನ್ನು ತಿಳಿದು, ಶಾಂತವಾದ ಅವಧಿಯೊಂದನ್ನು ಆರಿಸಿಕೊಳ್ಳುವುದು ಈ ವೃತ್ತಿಯ ಮೊದಲ ಪಾಠ. ಎರಡನೆಯದು, ಡೆಕ್ಕಿನ ಮೇಲಿನ ಪ್ರತಿಯೊಂದು ಸಾಮಾನನ್ನೂ ಬಿಗಿದು ಕಟ್ಟುವುದು, ನೀರು ನುಗ್ಗಬಹುದಾದ ಪ್ರತಿಯೊಂದು ಕಿಂಡಿಯನ್ನೂ ಮುಚ್ಚುವುದು. ಮೂರನೆಯದು, ಎಳೆಹಗ್ಗ ಹರಿದರೆ ಬೇರೆಯದನ್ನು ತಕ್ಷಣವೇ ಹಿಡಿಯಲು ಸಿದ್ಧವಾಗಿಡುವುದು. ನಾಲ್ಕನೆಯದು, ಪಯಣಕ್ಕೆ ಅವಶ್ಯವಿಲ್ಲದ ಒಬ್ಬನನ್ನೂ ರಿಗ್ಗಿನ ಮೇಲೆ ಉಳಿಸದಿರುವುದು.

ಪಾಠ ಮರೆತ ದಿನಗಳು

ಕೇಳುವುದಕ್ಕೆ ಇವು ಶಾಲೆಯ ಮಕ್ಕಳಿಗೂ ಅರ್ಥವಾಗುವ ಸರಳ ನಿಯಮಗಳು. ಇವನ್ನು ಮರೆತುದರ ಬೆಲೆಯನ್ನು ಚರಿತ್ರೆ ಬರೆದಿಟ್ಟಿದೆ.

1979ರ ನವೆಂಬರ್ 25ರಂದು ಚೀನದ ಬೋಹಾಯ್ ಕೊಲ್ಲಿಯಲ್ಲಿ ‘ಬೋಹಾಯ್-2’ ಎಂಬ ಜ್ಯಾಕ್‌ಅಪ್ ರಿಗ್ಗನ್ನು ಬಿರುಗಾಳಿಯಲ್ಲಿ ಎಳೆದೊಯ್ಯಲಾಗುತ್ತಿತ್ತು. ಡೆಕ್ಕಿನ ಸಾಮಾನುಗಳನ್ನು ಸರಿಯಾಗಿ ಭದ್ರಪಡಿಸಿರಲಿಲ್ಲ. ಗಾಳಿಕೊಳವೆಯೊಂದು ಮುರಿದು ಆ ಕಿಂಡಿಯಿಂದ ನೀರು ಒಡಲೊಳಗೆ ನುಗ್ಗಿತು; ರಿಗ್ಗು ಮಗುಚಿತು. ಮೇಲಿದ್ದ 74 ಜನರಲ್ಲಿ ಬದುಕಿದವರು ಇಬ್ಬರು. ಮರುವರ್ಷ ಅಲ್ಲಿಯ ಪೆಟ್ರೋಲಿಯಂ ಮಂತ್ರಿ ಪದವಿಯನ್ನು ಕಳೆದುಕೊಳ್ಳಬೇಕಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ!

ಮೂವತ್ತೆರಡು ವರ್ಷಗಳ ತರುವಾಯ ಜಗತ್ತು ಇನ್ನೂ ಅದೇ ಪಾಠವನ್ನು ಕಲಿಯುತ್ತಿತ್ತು. 2011ರ ಡಿಸೆಂಬರ್ 18ರಂದು, ರಷ್ಯದ ‘ಕೋಲ್ಸ್‌ಕಾಯಾ’ ರಿಗ್ಗನ್ನು ಕಮ್ಚಾಟ್ಕದ ಕಡೆಯಿಂದ ಸಖಾಲಿನ್ ದ್ವೀಪಕ್ಕೆ ಒಂದು ಹಿಮಭೇದಕ ಹಡಗೂ ಒಂದು ಟಗ್ಗೂ ಎಳೆದೊಯ್ಯುತ್ತಿದ್ದವು. ಓಖೋಟ್ಸ್ಕ್ ಸಮುದ್ರದ ಚಳಿಗಾಲದ ಬಿರುಗಾಳಿಯಲ್ಲಿ ಅದು ಮಗುಚಿ ಮುಳುಗಿತು. ಮೇಲಿದ್ದವರು 67 ಜನರು, ಉಳಿದವರು 14. ಕೇವಲ ಎಳೆತಕ್ಕೆ ಅಷ್ಟು ಮಂದಿ ಅಲ್ಲಿ ಏಕಿರಬೇಕಾಗಿತ್ತು? ಆ ಋತುವಿನಲ್ಲಿಯೇ ಏಕೆ ಹೊರಡಬೇಕಾಗಿತ್ತು? ಈ ಪ್ರಶ್ನೆಗಳನ್ನು ಹೊರಡುವ ಮೊದಲು ಕೇಳಿ ಪಯಣವನ್ನು ನಿಲ್ಲಿಸಿದ್ದರೆ ಐವತ್ಮೂರು ಮನೆಗಳ ದೀಪ ಆರುತ್ತಿರಲಿಲ್ಲ.

ಮರುವರ್ಷದ ಡಿಸೆಂಬರಿನಲ್ಲಿಯೇ ಅಲಾಸ್ಕದಲ್ಲಿ ‘ಕುಲ್ಲುಕ್’ ಎಂಬ ತೇಲುವ ರಿಗ್ಗಿನ ಎಳೆಹಗ್ಗದ ಕೊಂಡಿ ಕಳಚಿತು. ಎಳೆಯುವ ಹಡಗಿನ ಎಂಜಿನುಗಳೂ ಕೆಟ್ಟವು. 2012ರ ಡಿಸೆಂಬರ್ 31ರಂದು ರಿಗ್ಗು ದ್ವೀಪವೊಂದರ ದಡಕ್ಕೆ ಬಡಿಯಿತು. ಅದಕ್ಕೆ ಎರಡು ದಿನ ಮೊದಲೇ ಮೇಲಿದ್ದ 18 ಜನರನ್ನು ಹೆಲಿಕಾಪ್ಟರಿನಿಂದ ಎತ್ತಿಕೊಂಡಿದ್ದರಿಂದ ಪ್ರಾಣಹಾನಿ ತಪ್ಪಿತು. ವರ್ಷಾರಂಭದ ದಿನ ರಿಗ್ಗು ಅಲಾಸ್ಕದಲ್ಲಿಯೇ ಉಳಿದರೆ ತೆರಿಗೆ ಬೀಳುವುದೆಂಬ ಲೆಕ್ಕಾಚಾರವೂ ಆ ಅಕಾಲಪಯಣದ ಹಿಂದಿನ ಕಾರಣಗಳಲ್ಲಿ ಒಂದೆಂದು ಅಮೆರಿಕದ ಕರಾವಳಿ ರಕ್ಷಣಾ ಪಡೆಯ ತನಿಖೆ ಗುರುತಿಸಿತು. ಅಲೆಗಳಿಗೆ ತೆರಿಗೆಯ ಪಂಚಾಂಗ ತಿಳಿಯದಷ್ಟೇ.

ಕಾಲೂರುವ ಕಲೆ

ಪಯಣ ಮುಗಿಯಿತೆಂದು ನಿಟ್ಟುಸಿರು ಬಿಡುವಂತಿಲ್ಲ. ಹೊಸ ನೆಲೆಯಲ್ಲಿ ಕಾಲೂರುವುದು ಎಳೆಯುವುದಕ್ಕಿಂತಲೂ ಸೂಕ್ಷ್ಮವಾದ ಕೆಲಸ. ಅಲ್ಲಿ ಮೊದಲೇ ತೈಲವೇದಿಕೆ ಇದ್ದರೆ, ಕಡಲಡಿಯಲ್ಲಿ ಕೊಳವೆಗಳು ಹಾದುಹೋಗಿದ್ದರೆ, ಕೆಲವೇ ಮೀಟರುಗಳ ವ್ಯತ್ಯಾಸ ಅನರ್ಥಕ್ಕೆ ಸಾಕು. ಆದುದರಿಂದ ರಿಗ್ಗನ್ನು ನೇರವಾಗಿ ವೇದಿಕೆಯ ಮಗ್ಗುಲಿಗೆ ಒಯ್ಯುವುದಿಲ್ಲ. ಸ್ವಲ್ಪ ದೂರದಲ್ಲಿ ನಿಲ್ಲಿಸಿ, ಸುತ್ತಲೂ ಟಗ್ಗುಗಳನ್ನು ಹೂಡಿ, ಅಗತ್ಯವಿದ್ದಲ್ಲಿ ಲಂಗರುಗಳನ್ನು ಹಾಸಿ, ಗೇಣುಗೇಣಾಗಿ ಒಳಗೆ ಸರಿಸುತ್ತಾರೆ.

ಕಡಲತಳದ ಮಣ್ಣೂ ನಂಬಿಕೆಗೆ ಅರ್ಹವೆಂದು ಸಾಬೀತಾಗಬೇಕು. ಮೇಲೆ ಗಟ್ಟಿಪದರವಿದ್ದು ಕೆಳಗೆ ಮೆತ್ತನೆಯ ಕೆಸರಿದ್ದರೆ, ಮೊದಲು ತಡೆದ ನೆಲ ಒಮ್ಮೆಲೇ ಕುಸಿದು ಒಂದು ಕಾಲು ಥಟ್ಟನೆ ಹೂತುಹೋಗುತ್ತದೆ. ಹಿಂದೆ ಬೇರೆ ರಿಗ್ಗು ಕಾಲೂರಿದ್ದ ಹಳೆಯ ಗುಂಡಿ ಪಕ್ಕದಲ್ಲಿದ್ದರೆ ಹೊಸ ಕಾಲು ಅದರೊಳಕ್ಕೆ ಜಾರುತ್ತದೆ. ಆದುದರಿಂದ ಮೊದಲೇ ಮಣ್ಣಿನ ಮಾದರಿ ತೆಗೆದು ಪರೀಕ್ಷಿಸುತ್ತಾರೆ. ಬಳಿಕ ಒಡಲನ್ನು ನೀರಿನಿಂದ ತುಸುವೇ ಮೇಲೆತ್ತಿ, ಅದರ ತೊಟ್ಟಿಗಳಿಗೆ ಕಡಲ ನೀರನ್ನು ತುಂಬಿ, ಬಿರುಗಾಳಿಯಲ್ಲಿ ಬೀಳಬಹುದಾದ ಭಾರವನ್ನು ಕಾಲುಗಳ ಮೇಲೆ ಮುಂಗಡವಾಗಿಯೇ ಹೇರಿ ಗಂಟೆಗಟ್ಟಲೆ ಕಾಯುತ್ತಾರೆ. ನೆಲ ಕುಸಿಯುವುದಿದ್ದರೆ ಆಗಲೇ ಕುಸಿಯಲಿ, ಒಡಲನ್ನು ನೀರು ತಾಂಗಲಿ ಎಂಬುದು ಇದರ ಇಂಗಿತ. ಈ ಪರೀಕ್ಷೆ ಪೂರ್ಣವಾದ ಮೇಲೆಯೇ ನೀರನ್ನು ಹೊರಚೆಲ್ಲಿ ರಿಗ್ಗನ್ನು ಪೂರ್ತಿ ಎತ್ತರಕ್ಕೆ ಏರಿಸುವುದು.

ಈ ನೆಲೆಗೊಳಿಸುವ ಕಾರ್ಯದಲ್ಲಿ ಎಡವಿದರೆ ಏನಾದೀತೆಂಬುದಕ್ಕೆ 2007ರ ಅಕ್ಟೋಬರ್ 23ರಂದು ಮೆಕ್ಸಿಕೊದ ಕಡಲಲ್ಲಿ ನಡೆದ ಘಟನೆ ಸಾಕ್ಷಿ. ವೇದಿಕೆಯ ಮಗ್ಗುಲಲ್ಲಿ ನಿಂತಿದ್ದ ‘ಉಸುಮಸಿಂಟಾ’ ರಿಗ್ಗು ಬಿರುಗಾಳಿಯಲ್ಲಿ ಓಲಾಡಿ, ಅದರ ಚಾಚು ಬಾವಿಯ ಕವಾಟಗಳಿಗೆ ಬಡಿದು ತೈಲವೂ ಅನಿಲವೂ ಹೊರಚಿಮ್ಮಿದುವು. ದೋಣಿಗಳಲ್ಲಿ ಪಾರಾಗಲು ಹೊರಟವರೂ ಸೇರಿ 22 ಜನರು ಮಡಿದರು.

‘ಇಂದು ಬೇಡ’ ಎನ್ನುವವರು

ಹಾಗಾದರೆ ರಕ್ಷಣೆಯ ಕೀಲಿ ಎಲ್ಲಿದೆ? ಹಗ್ಗದ ಬಲದಲ್ಲಿಯೇ, ಯಂತ್ರದ ಶಕ್ತಿಯಲ್ಲಿಯೇ? ಅವೆಲ್ಲವೂ ಬೇಕು. ಅಂತರರಾಷ್ಟ್ರೀಯ ನೌಕಾ ಸಂಘಟನೆ 1979ರಲ್ಲಿಯೇ ಇಂಥ ರಿಗ್ಗುಗಳಿಗಾಗಿ ಸಂಹಿತೆಯೊಂದನ್ನು ರಚಿಸಿ ಮುಂದೆ ಎರಡು ಬಾರಿ ಪರಿಷ್ಕರಿಸಿದೆ. ಆದರೆ ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಕೆಲವೇ ಮನುಷ್ಯರ ಬಾಯಿಮಾತಿನ ಮೇಲೆ. ಪಯಣದ ಹೊಣೆ ಹೊತ್ತ ನಾಯಕ, ವಿಮೆಯವರ ಪರವಾಗಿ ಹಗ್ಗ, ಕೊಂಡಿ, ಹವೆ, ಮಣ್ಣು ಎಲ್ಲವನ್ನೂ ಪರೀಕ್ಷಿಸಿ ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಸ್ವತಂತ್ರ ಪರೀಕ್ಷಕ, ಟಗ್ಗುಗಳ ಕಪ್ತಾನರು. ನಮ್ಮ ಊರುಗಳ ತೇರಿನ ದಿನ ಹಗ್ಗ ಹಿಡಿದು ಎಳೆಯುವವರು ಸಾವಿರ ಮಂದಿ. ಗಾಲಿಗೆ ಮರದ ತುಂಡು ಒಡ್ಡಿ ತೇರನ್ನು ಹದ್ದಿನಲ್ಲಿಡುವವರು ನಾಲ್ಕಾರು ಜನ. ಅವರು ಕೂಗಿದೊಡನೆ ಸಾವಿರ ಕೈಗಳೂ ನಿಲ್ಲಬೇಕು. ನಿಲ್ಲದಿದ್ದರೆ ಆಗುವುದೇನೆಂಬುದನ್ನು ತೇರು ಕಂಡ ಯಾರಿಗೂ ಹೇಳಬೇಕಾಗಿಲ್ಲ.

ರಿಗ್ಗಿನ ಒಂದು ದಿನದ ಬಾಡಿಗೆ ಲಕ್ಷಗಳ ಲೆಕ್ಕ. ‘ಇಂದು ಬೇಡ, ಗಾಳಿ ಸರಿಯಿಲ್ಲ’ ಎಂದ ಒಂದು ಮಾತಿಗೆ ಅಷ್ಟು ಹಣ ನೀರಿನಲ್ಲಿ ಹೋಮವಾಗುತ್ತದೆ. ಆ ಮಾತನ್ನಾಡಿದವನ ಮುಖವನ್ನು ಮೇಲಧಿಕಾರಿಗಳು ಮರುದಿನ ಹೇಗೆ ನೋಡುತ್ತಾರೆ ಎಂಬುದರಲ್ಲಿಯೇ ಸುರಕ್ಷತೆಯ ನಿಜವಾದ ಪರೀಕ್ಷೆಯಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನಮ್ಮ ಹಿರಿಯರು ಹೇಳಿದ್ದು ಇಂಥ ಗಳಿಗೆಗಾಗಿಯೇ ಇರಬೇಕು.

ಈ ಮಾತು ನಮಗೆ ಪರದೇಶದ ಕಥೆಯಲ್ಲ. 2021ರ ಮೇ 17ರಂದು ‘ತೌಕ್ತೆ’ ಚಂಡಮಾರುತ ನಮ್ಮ ಪಶ್ಚಿಮ ಕಡಲನ್ನು ಕದಡಿದಾಗ ಬಾಂಬೆ ಹೈ ಬಳಿ ಕೆಲಸಗಾರರ ವಸತಿಗಾಗಿ ಇದ್ದ ಪಿ-305 ಎಂಬ ಬಾರ್ಜು ಲಂಗರು ಕಳಚಿ ಅಲೆದು ಮುಳುಗಿತು. ‘ವರಪ್ರದ’ ಎಂಬ ಟಗ್ಗೂ ಮುಳುಗಿತು. ಎಪ್ಪತ್ತಕ್ಕೂ ಮಿಕ್ಕಿದ ಜನರು ಪ್ರಾಣ ಕಳೆದುಕೊಂಡರು. ‘ಸಾಗರ ಭೂಷಣ’ ಎಂಬ ಕೊರೆಯುವ ಹಡಗೂ ನೆಲೆ ತಪ್ಪಿ ತೇಲಿಹೋಯಿತು; ಪುಣ್ಯವಶಾತ್ ಅದರಲ್ಲಿದ್ದವರೆಲ್ಲರೂ ಉಳಿದರು. ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತೆಂಬುದನ್ನು ನೆನೆದಾಗ ಮನಸ್ಸು ಕಲಕದಿರದು. ನೌಕಾದಳದವರು ಆ ಅಲೆಗಳಿಂದ ನೂರಾರು ಜನರನ್ನು ಎತ್ತಿ ತಂದ ಸಾಹಸವನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ಅಂಥ ಸಾಹಸದ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಸೇವೆ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಕಷ್ಟವನ್ನು ನಾವು ಬಲ್ಲೆವು. ಕಡಲ ಮೇಲೆ ದುಡಿಯುವವನು ಕೆಲಸದ ಭಯದಿಂದ ಬಾಯಿ ಮುಚ್ಚಿಕೊಳ್ಳುವಂತಾಗಬಾರದು. ಹವೆ ಸರಿಯಿಲ್ಲದ ದಿನ ‘ಬೇಡ’ ಎಂದವನಿಗೆ ಶಿಕ್ಷೆಯಲ್ಲ, ಗೌರವ ದೊರೆಯಬೇಕು. ಕಾದ ಒಂದು ದಿನದ ನಷ್ಟವನ್ನು ಮುಂದಿನ ದಿನಗಳು ತುಂಬಿಕೊಡಬಲ್ಲವು. ಕಾಯದೆ ಹೋದ ದಿನದ ನಷ್ಟವನ್ನು ತುಂಬಿಕೊಡಬಲ್ಲ ತೈಲಬಾವಿ ಯಾವ ಕಡಲಿನಲ್ಲಿಯೂ ಇಲ್ಲ.